‘ಯಾರಿಗೂ ಹೇಳಬೇಡಿ’ ಎನ್ನುವವನ ಲೆಕ್ಕಾಚಾರ

ಪೊಲೀಸ್ ಅಧಿಕಾರಿಯ ಸೋಗಿನ ಕರೆ, ಬ್ಯಾಂಕಿನವರ ಹೆಸರಲ್ಲಿ ಬರುವ ಕರೆ, ಅಪಘಾತ ಮಾಡಿಕೊಂಡು ಠಾಣೆಯಲ್ಲಿ ಕೂತಿದ್ದೇನೆಂದು ಅಳುವ ಮಗನ ದನಿಯ ಕರೆ. ಮೂರೂ ಬೇರೆ ಬೇರೆ ಕಥೆ. ಆದರೆ ಇಂಥ ಕರೆಗಳಲ್ಲಿ ಎರಡು ಅಪ್ಪಣೆ ಮತ್ತೆ ಮತ್ತೆ ಬರುತ್ತವೆ: ‘ಫೋನ್ ಇಡಬೇಡಿ’, ‘ಯಾರಿಗೂ ಹೇಳಬೇಡಿ’. ವಂಚನೆ ಕುರಿತ ಎಚ್ಚರಿಕೆಗಳು ಸಾಮಾನ್ಯವಾಗಿ ಕಥೆಯ ಬೆನ್ನು ಹತ್ತುತ್ತವೆ. ಪಾರ್ಸೆಲ್ ಹೆಸರಲ್ಲಿ ಕರೆ ಬಂದರೆ ನಂಬಬೇಡಿ, ಬಹುಮಾನ ಬಂದಿದೆ ಅಂದರೆ ನಂಬಬೇಡಿ, ಕರೆಂಟ್ ಕಟ್ ಮಾಡುತ್ತೇವೆ ಅಂದರೆ ನಂಬಬೇಡಿ. ಪಟ್ಟಿ ಉದ್ದವಾಗುತ್ತಲೇ ಇರುತ್ತದೆ. ಪಟ್ಟಿಯಲ್ಲಿಲ್ಲದ ಹೊಸ ಕಥೆಯೂ ಅಷ್ಟರಲ್ಲಿ ಹುಟ್ಟಿರುತ್ತದೆ. ಕಥೆಗಳನ್ನು ಉರು ಹೊಡೆಯುವುದಕ್ಕಿಂತ ಆ ಎರಡು ಅಪ್ಪಣೆ ವಂಚಕನಿಗೆ ಯಾಕೆ ಬೇಕು ಎಂದು ಕೇಳಿಕೊಳ್ಳುವುದರಲ್ಲಿ ಹೆಚ್ಚು ಲಾಭವಿದೆ. ಪಕ್ಕದಲ್ಲಿ ಕೂತವರು ‘ಯಾರ ಫೋನು ಅದು, ಯಾಕೆ ಮುಖ ಹಾಗಾಯ್ತು?’ ಎಂದು ಕೇಳಿಬಿಟ್ಟರೆ ನಾಟಕ ಅಲ್ಲಿಗೇ ಕುಸಿಯಬಹುದು. ಹಾಗಾಗಿ ಹಣಕ್ಕೆ ಕೈಹಾಕುವ ಮುಂಚೆ ಆ ಪಕ್ಕದವರನ್ನು ದೂರ ಮಾಡಲೇಬೇಕು.

ಅಂಥ ಒಂದು ಕರೆಯನ್ನು ಬಿಡಿಸಿ ನೋಡೋಣ. ಮೊದಲು ಕೇಳಿಸುವುದು ಧ್ವನಿಮುದ್ರಿತ ಸಂದೇಶ: ‘ನಿಮ್ಮ ನಂಬರ್ ಬಂದ್ ಆಗಲಿದೆ, ವಿವರಕ್ಕೆ ಒಂಬತ್ತು ಒತ್ತಿ.’ ಒತ್ತದವರ ಮೇಲೆ ವಂಚಕ ಒಂದು ನಿಮಿಷವನ್ನೂ ಖರ್ಚು ಮಾಡುವುದಿಲ್ಲ. ಒತ್ತಿದವರು ಗಾಬರಿಯಾಗಿದ್ದೇವೆಂದು ತಾವೇ ತಿಳಿಸಿದ ಹಾಗಾಯಿತು. ಆಮೇಲೆ ಮಾತಿಗೆ ಸಿಗುವವನು ಬಹಳ ಸಭ್ಯ. ಹೆಸರು, ವಿಳಾಸ, ಗುರುತಿನ ಚೀಟಿಯ ಕೊನೆಯ ಅಂಕಿಗಳನ್ನು ಅವನೇ ಓದಿ ಹೇಳುತ್ತಾನೆ. ಇಷ್ಟೆಲ್ಲ ಗೊತ್ತಿರುವವನು ಸರ್ಕಾರದವನೇ ಇರಬೇಕು ಅನ್ನಿಸುವುದು ಇಲ್ಲಿ. (ಸೋರಿಹೋದ ಮಾಹಿತಿ ಕಂತೆಗಟ್ಟಲೆ ಮಾರಾಟಕ್ಕೆ ಸಿಗುವ ಕಾಲದಲ್ಲಿ, ನಮ್ಮ ಬಗ್ಗೆ ಒಬ್ಬನಿಗೆ ಗೊತ್ತಿದೆ ಎಂಬುದು ಅವನ ಹುದ್ದೆಗೆ ಪುರಾವೆಯೇ ಅಲ್ಲ.) ನಿಮ್ಮ ಹೆಸರಿನಲ್ಲಿ ಏನೋ ಅಕ್ರಮ ನಡೆದಿದೆ ಎಂದು ಹೇಳಿ, ಅಯ್ಯೋ ಪಾಪ ಅನ್ನುವ ದನಿಯಲ್ಲೇ ‘ನಾನೇ ನಿಮ್ಮನ್ನು ಠಾಣೆಗೆ ಕನೆಕ್ಟ್ ಮಾಡಿಕೊಡುತ್ತೇನೆ’ ಅನ್ನುತ್ತಾನೆ.

ಇಡೀ ಕರೆಯಲ್ಲಿ ಅತ್ಯಂತ ಜಾಣ ಹೆಜ್ಜೆ ಇದೇ. ನೇರವಾಗಿ ಪೊಲೀಸ್ ಎಂದು ಹೇಳಿಕೊಂಡು ಬಂದ ಕರೆಯನ್ನು ಅನುಮಾನಿಸುವವರು ಕೂಡ, ಸಹಾಯ ಮಾಡಿದವನ ಮೂಲಕ ದಾಟಿ ಬಂದ ಕರೆಯನ್ನು ಅಷ್ಟಾಗಿ ಅನುಮಾನಿಸುವುದಿಲ್ಲ. ಅಲ್ಲಿಂದ ಮುಂದೆ ವಿಡಿಯೊ, ಸಮವಸ್ತ್ರ, ಗೋಡೆಯ ಮೇಲೆ ಲಾಂಛನ, ವೈರ್‌ಲೆಸ್ ಸದ್ದು, ಮೊಹರು ಬಿದ್ದ ಪತ್ರ. ಗದರುವವನು ಒಬ್ಬ, ಸಮಾಧಾನ ಹೇಳುವವನು ಇನ್ನೊಬ್ಬ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕ್ಯಾಮೆರಾ ಮುಂದೆ ಕೂರಿಸಿ, ಊಟ ನಿದ್ದೆ ಕೆಡಿಸಿ, ಕಡೆಗೆ ‘ನಿಮ್ಮ ಹಣ ಶುದ್ಧವೋ ಅಲ್ಲವೋ ಪರಿಶೀಲಿಸಿ ವಾಪಸ್ ಹಾಕುತ್ತೇವೆ’ ಎನ್ನುತ್ತಾರೆ. ಬ್ಯಾಂಕಿನ ಕೌಂಟರಿನಲ್ಲಿ ಯಾರಾದರೂ ಕೇಳಿದರೆ ಮನೆ ಕೊಳ್ಳುತ್ತಿದ್ದೇನೆ ಅನ್ನಿ, ನೆಂಟರ ಆಸ್ಪತ್ರೆ ಖರ್ಚು ಅನ್ನಿ ಎಂದು ಉತ್ತರವನ್ನೂ ಹೇಳಿಕೊಡುತ್ತಾರೆ. ಇಲ್ಲಿ ಹಣ ಕಳಿಸುವವರು ಲಾಭಕ್ಕೆ ಕೈಚಾಚಿಲ್ಲ. ತಾವು ಪ್ರಾಮಾಣಿಕರು ಎಂದು ಸಾಬೀತು ಮಾಡಲು ಹೊರಟಿದ್ದಾರೆ. ಕಾನೂನಿಗೆ ಹೆದರಿ ನಡೆಯುವವರು, ತೆರಿಗೆ ಸರಿಯಾಗಿ ಕಟ್ಟುವವರು ಈ ಬಲೆಗೆ ಸುಲಭವಾಗಿ ಬೀಳುವುದರಲ್ಲಿ ಆಶ್ಚರ್ಯವಿಲ್ಲ.

‘ದುರಾಸೆಯವರು, ದಡ್ಡರು, ವಯಸ್ಸಾದವರು ಮೋಸ ಹೋಗುತ್ತಾರೆ’ ಎಂಬ ತೀರ್ಪು ನಮ್ಮ ನಾಲಗೆ ತುದಿಯಲ್ಲಿ ಯಾವಾಗಲೂ ಸಿದ್ಧವಿರುತ್ತದೆ. ಅಂಕಿಅಂಶ ಇದನ್ನು ಒಪ್ಪುವುದಿಲ್ಲ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ಗೆ 2024ರಲ್ಲಿ ಬಂದ ದೂರುಗಳಲ್ಲಿ ಜನ ಕಳೆದುಕೊಂಡೆವೆಂದು ಹೇಳಿದ ಮೊತ್ತ 1,250 ಕೋಟಿ ಡಾಲರ್. ಅಲ್ಲಿ ವರ್ಷ ವರ್ಷ ಕಾಣುವ ಒಂದು ವಿನ್ಯಾಸವಿದೆ: ದೂರು ಕೊಟ್ಟವರ ಪೈಕಿ ಹಣ ಹೋಯಿತು ಎನ್ನುವವರ ಪ್ರಮಾಣ ಎಪ್ಪತ್ತು ದಾಟಿದವರಿಗಿಂತ ಇಪ್ಪತ್ತರ ಹರೆಯದವರಲ್ಲಿ ಹೆಚ್ಚು. ಹಿರಿಯರು ಸಿಕ್ಕಿಬಿದ್ದಾಗ ಹೋಗುವ ಮೊತ್ತ ಮಾತ್ರ ದೊಡ್ಡದು, ಯಾಕೆಂದರೆ ಜೀವಮಾನದ ಉಳಿತಾಯ ಅವರ ಖಾತೆಯಲ್ಲಿರುತ್ತದೆ. ಕೆಲಸ ಹುಡುಕುವವನಿಗೆ ಕೆಲಸದ ಆಮಿಷ, ಒಂಟಿಯಾಗಿರುವವರಿಗೆ ಸ್ನೇಹ, ಸಾಲಗಾರನಿಗೆ ಸುಲಭ ಸಾಲ, ಪೋಷಕರಿಗೆ ಮಕ್ಕಳ ಭಯ. ಯಾರಿಗೆ ಯಾವ ದಿನ ಯಾವ ಬಾಗಿಲು ತೆರೆದಿರುತ್ತದೋ ಹೇಳಲಾಗದು. ಸಾವಿರಾರು ಜನರಿಗೆ ಒಂದೇ ಸಂದೇಶ ಹೋದಾಗ, ನಿಜವಾಗಿಯೂ ಪಾರ್ಸೆಲ್‌ಗೆ ಕಾಯುತ್ತಿರುವವರು ಅವರಲ್ಲಿ ಕೆಲವರಾದರೂ ಇದ್ದೇ ಇರುತ್ತಾರೆ.

ಓದು, ಹುದ್ದೆ, ಅನುಮಾನದ ಸ್ವಭಾವ ಯಾವುದೂ ಪೂರ್ತಿ ರಕ್ಷಣೆ ಕೊಡುವುದಿಲ್ಲ ಎನ್ನಲು ಹಾಂಗ್‌ಕಾಂಗ್‌ನಲ್ಲಿ 2024ರ ಆರಂಭದಲ್ಲಿ ಬಯಲಾದ ಪ್ರಕರಣ ಸಾಕು. ಅರಪ್ ಎಂಬ ಬ್ರಿಟಿಷ್ ಎಂಜಿನಿಯರಿಂಗ್ ಸಂಸ್ಥೆಯ ಅಲ್ಲಿನ ಹಣಕಾಸು ವಿಭಾಗದ ಉದ್ಯೋಗಿಗೆ, ಮುಖ್ಯ ಹಣಕಾಸು ಅಧಿಕಾರಿಯ ಹೆಸರಲ್ಲಿ ಗುಟ್ಟಿನ ವ್ಯವಹಾರವೊಂದರ ಸಂದೇಶ ಬಂತು. ಉದ್ಯೋಗಿಗೆ ಮೊದಲು ಅನುಮಾನವೇ ಬಂದಿತ್ತು. ಆಮೇಲೆ ವಿಡಿಯೊ ಸಭೆಗೆ ಕರೆದರು. ಅಲ್ಲಿ ಆ ಅಧಿಕಾರಿಯೂ ಪರಿಚಿತ ಸಹೋದ್ಯೋಗಿಗಳೂ ಕೂತು ಮಾತಾಡುತ್ತಿದ್ದರು. ಅನುಮಾನ ಕರಗಿತು. 15 ವರ್ಗಾವಣೆಗಳಲ್ಲಿ ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ಹೋಯಿತು. ಸಭೆಯಲ್ಲಿದ್ದ ಆ ಮುಖಗಳು, ದನಿಗಳು ಎಲ್ಲ ಕೃತಕ ಬುದ್ಧಿಮತ್ತೆಯಿಂದ ತಯಾರಿಸಿದ ನಕಲು, ಅಂದರೆ ಡೀಪ್‌ಫೇಕ್. ಇದನ್ನು ತಂತ್ರಜ್ಞಾನದ ಪವಾಡ ಎಂದು ವರದಿ ಮಾಡಿದವರೇ ಹೆಚ್ಚು. ನನಗೆ ಕಾಣುವುದು ಬೇರೆ: ಅನುಮಾನ ಬಂದ ಮನುಷ್ಯ ಪಕ್ಕದ ಮೇಜಿನವರನ್ನು ಕೇಳಿ ಖಚಿತ ಮಾಡಿಕೊಳ್ಳುತ್ತಾನೆ ಎಂಬುದು ವಂಚಕರಿಗೂ ಗೊತ್ತಿತ್ತು, ಅದಕ್ಕೇ ಅವರು ಪಕ್ಕದ ಮೇಜಿನವರನ್ನೂ ತಾವೇ ತಯಾರಿಸಿಕೊಂಡು ಬಂದರು. ಅಲ್ಲಿ ಬೇಕಿದ್ದದ್ದು ಅವರು ಕರೆದ ಸಭೆಯ ಹೊರಗಿನ ಒಂದು ಮಾತು. ತನ್ನಲ್ಲಿ ಮೊದಲಿನಿಂದ ಇದ್ದ ನಂಬರಿಗೆ ಅದೇ ಅಧಿಕಾರಿಗೆ ಒಂದು ಫೋನ್.

ಇನ್ನೊಂದು ಬಗೆಯ ವಂಚನೆ ಇದಕ್ಕೆ ತದ್ವಿರುದ್ಧವಾಗಿ ನಡೆಯುತ್ತದೆ. ಅದು ಮನುಷ್ಯನನ್ನು ಒಂಟಿ ಮಾಡುವುದಿಲ್ಲ, ಸಮುದಾಯದ ಒಳಗಿನಿಂದಲೇ ಬರುತ್ತದೆ. ಒಂದೇ ಭಾಷೆ, ಒಂದೇ ಜಾತಿ, ಒಂದೇ ಪ್ರಾರ್ಥನಾ ಮಂದಿರ, ಒಂದೇ ಕಚೇರಿಯ ನಿವೃತ್ತರು. ನಮ್ಮವರೇ ಎಂಬ ಸಲುಗೆಯೇ ಅದರ ಬಂಡವಾಳ. ಚಾರ್ಲ್ಸ್ ಪೊಂಜಿ 1920ರಲ್ಲಿ ಬಾಸ್ಟನ್‌ನಲ್ಲಿ 45 ದಿನಕ್ಕೆ ಶೇ 50ರಷ್ಟು ಲಾಭ ಕೊಡುತ್ತೇನೆಂದು ಹೇಳಿ ತನ್ನಂತೆಯೇ ವಲಸೆ ಬಂದ ಇಟಲಿಯವರಿಂದ ಮೊದಲ್ಗೊಂಡು ಊರಿನವರೆಲ್ಲರ ಹಣ ಎತ್ತಿದ. ಅಂತರರಾಷ್ಟ್ರೀಯ ಅಂಚೆ ಕೂಪನ್ (ಬೇರೆ ದೇಶದಲ್ಲಿ ಅಂಚೆಚೀಟಿಗೆ ಬದಲಾಯಿಸಿಕೊಳ್ಳಬಹುದಾದ ಚೀಟಿ) ಕೊಂಡು ಮಾರುತ್ತೇನೆ ಎಂಬುದು ಅವನ ಕಥೆ. ಹಣಕಾಸು ಪತ್ರಕರ್ತ ಕ್ಲಾರೆನ್ಸ್ ಬ್ಯಾರನ್ ಕೂತು ಲೆಕ್ಕ ಹಾಕಿದಾಗ, ಆ ವ್ಯವಹಾರ ನಡೆಯಲು 16 ಕೋಟಿ ಕೂಪನ್ ಬೇಕಿತ್ತು. ಚಲಾವಣೆಯಲ್ಲಿದ್ದದ್ದು ಸುಮಾರು 27 ಸಾವಿರ. ಹೊಸಬರ ಹಣವನ್ನೇ ಹಳಬರಿಗೆ ಲಾಭವೆಂದು ಹಂಚುತ್ತಿದ್ದ. ಆಗಸ್ಟ್ ತಿಂಗಳಲ್ಲಿ ಎಲ್ಲ ಮುಗಿಯಿತು.

ಇಂಥ ಯೋಜನೆಗಳಲ್ಲಿ ಮೊದಮೊದಲು ಸೇರಿದವರಿಗೆ ಹಣ ನಿಜವಾಗಿಯೂ ಬರುತ್ತದೆ. ‘ನನಗೆ ಬಂತು ಕಣೋ, ನೀನೂ ಹಾಕು’ ಎನ್ನುವ ಅಣ್ಣ ಸುಳ್ಳು ಹೇಳುತ್ತಿಲ್ಲ. ಜಾಹೀರಾತಿಗಿಂತ ಬಲವಾದ ಸಾಕ್ಷಿ ಅವನು, ಆದರೆ ಅವನ ಸಾಕ್ಷಿಯಿಂದ ಸಾಬೀತಾಗುವುದು ಏನೂ ಇಲ್ಲ. ಇನ್ನು ‘ವಿಪರೀತ ಲಾಭದ ಆಸೆ ತೋರಿಸಿದರೆ ಹುಷಾರು’ ಎಂಬ ಉಪದೇಶವೂ ಅರ್ಧ ಮಾತ್ರ ಸತ್ಯ. ಇಂಥದೇ ಯೋಜನೆ ನಡೆಸಿ 2008ರ ಡಿಸೆಂಬರಿನಲ್ಲಿ ಬಂಧನವಾದ ಅಮೆರಿಕದ ಹೂಡಿಕೆ ವ್ಯವಹಾರಸ್ಥ ಬರ್ನಾರ್ಡ್ ಮೇಡಾಫ್ ಆಕಾಶ ತೋರಿಸಿದವನಲ್ಲ. ಹದವಾದ, ಏರಿಳಿತವಿಲ್ಲದ ಲಾಭ ತೋರಿಸುತ್ತಿದ್ದ. ಕೇಳಿಕೊಂಡು ಬಂದವರಲ್ಲಿ ಕೆಲವರನ್ನು ಹಿಂದಕ್ಕೆ ಕಳಿಸುತ್ತಿದ್ದ, ಒಳಗೆ ಸೇರಿಸಿಕೊಂಡದ್ದೇ ಉಪಕಾರ ಅನ್ನಿಸುವ ಹಾಗೆ. ಅವನು ಹುಟ್ಟಿ ಬೆಳೆದ ಯಹೂದಿ ಸಮುದಾಯದ ದತ್ತಿ ಸಂಸ್ಥೆಗಳ ಹಣವೂ ಅಲ್ಲಿ ಕರಗಿತು. ಕಾಗದದ ಮೇಲೆ ಇದ್ದ ಮೊತ್ತ ಸುಮಾರು 6,500 ಕೋಟಿ ಡಾಲರ್. ಅಷ್ಟು ದೊಡ್ಡ ವ್ಯವಹಾರದ ಲೆಕ್ಕ ಪರಿಶೋಧಿಸುತ್ತಿದ್ದದ್ದು ಒಬ್ಬನೇ ಸಕ್ರಿಯ ಅಕೌಂಟೆಂಟ್ ಇದ್ದ ಪುಟ್ಟ ಕಚೇರಿ. ಹ್ಯಾರಿ ಮಾರ್ಕೊಪೊಲೋಸ್ ಎಂಬ ವಿಶ್ಲೇಷಕ 2000ದಿಂದಲೇ ನಿಯಂತ್ರಕರಿಗೆ ದೂರು ಬರೆಯುತ್ತಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಲ್ಬೇನಿಯಾದಲ್ಲಿ ಇದೇ ರೋಗ ಇಡೀ ದೇಶಕ್ಕೆ ಹಬ್ಬಿತ್ತು. ಜನಸಂಖ್ಯೆಯ ಮೂರನೇ ಎರಡರಷ್ಟು ಮಂದಿ ಇಂಥ ಯೋಜನೆಗಳಲ್ಲಿ ಹಣ ಹೂಡಿದ್ದರು. ಯೋಜನೆಗಳ ಬಾಕಿ ದೇಶದ ಒಟ್ಟು ಉತ್ಪನ್ನದ ಅರ್ಧದ ಹತ್ತಿರಕ್ಕೆ ಹೋಗಿತ್ತು. 1997ರಲ್ಲಿ ಅವು ಒಂದೊಂದಾಗಿ ಮುಳುಗಿದಾಗ ದಂಗೆ ಎದ್ದು, ಸರ್ಕಾರ ಬಿದ್ದು, ಸುಮಾರು ಎರಡು ಸಾವಿರ ಜನ ಸತ್ತರು. ನೆರೆಯವರೆಲ್ಲ ಸೇರಿದ್ದಾರೆ ಎಂಬುದೇ ಅಲ್ಲಿ ಪ್ರತಿಯೊಬ್ಬರಿಗೂ ಧೈರ್ಯ ಕೊಟ್ಟಿದ್ದು.

ಅಂದಮೇಲೆ ‘ನಾಲ್ಕು ಜನರನ್ನು ಕೇಳಿ’ ಎಂದರೆ ಸಾಲದು, ಯಾವ ನಾಲ್ಕು ಜನ ಎಂಬುದೂ ಮುಖ್ಯ. ಅದೇ ಯೋಜನೆಯಲ್ಲಿ ಹಣ ಹಾಕಿದವರು ಸಲಹೆಗಾರರಾಗಲಾರರು. ಅವರಿಗೆ ಹೊಸಬರು ಬೇಕು, ಅದು ಅವರಿಗೆ ತಿಳಿದಿರಲಿ ಬಿಡಲಿ. ಕೇಳಬೇಕಾದ ಪ್ರಶ್ನೆಗಳು ಒಣ ಪ್ರಶ್ನೆಗಳು. ಲಾಭ ಯಾವ ವ್ಯವಹಾರದಿಂದ ಬರುತ್ತದೆ? ನಿಯಂತ್ರಕ ಸಂಸ್ಥೆಯಲ್ಲಿ ನೋಂದಣಿ ಇದೆಯೇ, ಅದನ್ನು ಅವರು ಕಳಿಸಿದ ಫೋಟೊದಲ್ಲಿ ನೋಡಿದಿರೋ ಸಂಸ್ಥೆಯ ಸ್ವಂತ ಜಾಲತಾಣದಲ್ಲಿ ನೀವೇ ಹುಡುಕಿದಿರೋ? ಹಣ ಯಾರ ವಶದಲ್ಲಿರುತ್ತದೆ? ಲೆಕ್ಕ ನೋಡುವವರು ಯಾರು? ಈ ಪ್ರಶ್ನೆ ಕೇಳಿದವರನ್ನು ‘ನಮ್ಮವರ ಮೇಲೇ ನಂಬಿಕೆಯಿಲ್ಲವೇ’ ಎಂದು ಬಾಯಿ ಮುಚ್ಚಿಸುವ ಗುಂಪಿನಲ್ಲಿ ಹಣ ಇಡದಿರುವುದು ಒಳ್ಳೆಯದು. ಸಂಘಗಳ ಸಭೆಯಲ್ಲಿ ಹೂಡಿಕೆಯ ಪ್ರಸ್ತಾಪ ಬಂದಾಗಲೆಲ್ಲ ಈ ನಾಲ್ಕು ಪ್ರಶ್ನೆಯನ್ನು ಪದ್ಧತಿಯಂತೆ ಕೇಳುವುದು ರೂಢಿಯಾದರೆ, ಕೇಳಿದವರು ಯಾರ ಮೇಲೂ ಆರೋಪ ಹೊರಿಸಿದಂತಾಗುವುದಿಲ್ಲ. ಮುಜುಗರಕ್ಕೆ ಹೆದರಿ ಸುಮ್ಮನಾದವರಿಂದ ಇಂಥ ಯೋಜನೆಗಳು ಬದುಕುತ್ತವೆ.

ಈಗಿನ ಆನ್‌ಲೈನ್ ಹೂಡಿಕೆ ವಂಚನೆ ಈ ಎರಡೂ ಬಗೆಯನ್ನು ಬೆಸೆದುಕೊಂಡಿದೆ. ತಪ್ಪಿ ಬಂದಂತೆ ಕಾಣುವ ಒಂದು ಸಂದೇಶ, ವಾರಗಟ್ಟಲೆ ಹರಟೆ, ಆತ್ಮೀಯತೆ, ಆಮೇಲೆ ಒಂದು ದಿನ ಟ್ರೇಡಿಂಗ್ ಆ್ಯಪ್. ಆ್ಯಪ್‌ನಲ್ಲಿ ಕಾಣುವ ಅಂಕಿಗಳು ವಂಚಕನೇ ಟೈಪ್ ಮಾಡಿದಂಥವು. ಸಣ್ಣ ಮೊತ್ತ ಹಿಂತೆಗೆಯಲು ಬಿಡುತ್ತಾರೆ, ನಂಬಿಕೆ ಬಲಿಯುತ್ತದೆ. ದೊಡ್ಡ ಮೊತ್ತ ತೆಗೆಯಲು ಹೊರಟಾಗ ‘ತೆರಿಗೆ’ ಕಟ್ಟಿ, ‘ಖಾತೆ ಪರಿಶೀಲನಾ ಶುಲ್ಕ’ ಕಟ್ಟಿ ಎಂದು ಹೊಸ ಬಾಯಿ ತೆರೆಯುತ್ತದೆ. ಜೊತೆಗೆ ನೂರಾರು ಮಂದಿ ಇರುವ ಗುಂಪೊಂದಕ್ಕೆ ಸೇರಿಸಿರುತ್ತಾರೆ. ಅಲ್ಲಿ ಲಾಭದ ಸ್ಕ್ರೀನ್‌ಶಾಟ್ ಹಾಕಿ ಗುರುಗಳಿಗೆ ಧನ್ಯವಾದ ಹೇಳುವವರೆಲ್ಲ ಬಹುಪಾಲು ಅವರದೇ ಮಂದಿ. ಸಮುದಾಯವೇ ನಕಲಿ. ಆ ಕಡೆ ಟೈಪ್ ಮಾಡುತ್ತಿರುವವನು ಕೂಡ ಸ್ವಇಚ್ಛೆಯಿಂದ ಕೂತಿರಬೇಕೆಂದಿಲ್ಲ. ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2023ರ ಆಗಸ್ಟ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮ್ಯಾನ್ಮಾರ್‌ನಲ್ಲಿ ಕನಿಷ್ಠ 1.20 ಲಕ್ಷ, ಕಾಂಬೋಡಿಯಾದಲ್ಲಿ ಸುಮಾರು ಒಂದು ಲಕ್ಷ ಜನರನ್ನು ಬಲವಂತವಾಗಿ ಇಂಥ ಆನ್‌ಲೈನ್ ವಂಚನೆಗೆ ದುಡಿಸಿಕೊಳ್ಳುತ್ತಿರುವ ಸಾಧ್ಯತೆಯಿದೆ. ವಿದೇಶದಲ್ಲಿ ಒಳ್ಳೆಯ ಸಂಬಳದ ಡೇಟಾ ಎಂಟ್ರಿ ಕೆಲಸ ಎಂದು ನಂಬಿ ಹೊರಟು, ಪಾಸ್‌ಪೋರ್ಟ್ ಕಿತ್ತುಕೊಂಡ ಮೇಲೆ ಬೇಲಿಯೊಳಗೆ ಸಿಕ್ಕಿಬಿದ್ದವರು ಅವರು. ಹೀಗೆ ಒಂದು ಮೋಸಕ್ಕೆ ಬಲಿಯಾದವನ ಕೈಯಿಂದಲೇ ಮುಂದಿನ ಮೋಸ ಮಾಡಿಸುತ್ತಾರೆ.

ಹಣ ಹೋಗುವ ದಾರಿಯಲ್ಲೂ ನಮ್ಮವರೇ ಇರುತ್ತಾರೆ, ಇದನ್ನು ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ವಂಚಕ ತನ್ನ ಸ್ವಂತ ಖಾತೆಗೆ ಹಣ ತರಿಸಿಕೊಳ್ಳುವುದಿಲ್ಲ. ಬಾಡಿಗೆ ಖಾತೆ ಬೇಕು. ‘ಮನೆಯಲ್ಲೇ ಕೂತು ಕೆಲಸ, ನಿಮ್ಮ ಖಾತೆಗೆ ಬಂದ ಹಣ ಮುಂದಕ್ಕೆ ಕಳಿಸಿದರೆ ಕಮಿಷನ್’ ಎಂಬ ಜಾಹೀರಾತಿಗೆ ಒಪ್ಪಿದ ವಿದ್ಯಾರ್ಥಿ, ಸ್ವಲ್ಪ ಹಣಕ್ಕೆ ಎಟಿಎಂ ಕಾರ್ಡು, ಸಿಮ್ಮು, ಪಾಸ್‌ವರ್ಡ್ ಎಲ್ಲ ಕೊಟ್ಟುಬಿಟ್ಟ ನಿರುದ್ಯೋಗಿ, ಇವರ ಖಾತೆಗಳ ಮೂಲಕ ಹಣ ನಿಮಿಷಗಳಲ್ಲಿ ಹತ್ತಾರು ಹೋಳಾಗಿ ಚದುರಿ, ನಗದಾಗಿ ಅಥವಾ ಕ್ರಿಪ್ಟೊ ಆಗಿ ದೇಶದ ಗಡಿ ದಾಟುತ್ತದೆ. ಪೊಲೀಸರು ಮೊದಲು ಬಂದು ತಟ್ಟುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಬಾಗಿಲನ್ನು. ‘ಓಟಿಪಿ ಕೊಡಬೇಡಿ’ ಎಂದು ಹೇಳುವ ಅಷ್ಟೇ ಸಲ ‘ಖಾತೆ ಬಾಡಿಗೆ ಕೊಡಬೇಡಿ’ ಎಂದು ಕಾಲೇಜುಗಳಲ್ಲಿ ಹೇಳಬೇಕಿದೆ. ಖಾತೆಗಳ ಪೂರೈಕೆ ನಿಂತರೆ ವಂಚಕನ ಕೈ ಕಟ್ಟಿದಂತೆ.

ಹಣ ಇಷ್ಟು ಬೇಗ ಓಡುವುದರಿಂದಲೇ ತಡ ಮಾಡಿಸುವುದು ದೊಡ್ಡ ಅಸ್ತ್ರ. ಒಂದೇ ಕ್ಷಣದಲ್ಲಿ ಹಣ ಕಳಿಸುವ ಸೌಲಭ್ಯವನ್ನು ಪ್ರಗತಿ ಎಂದು ಮೆರೆಸಿದ ದೇಶಗಳೇ ಈಗ ಅಲ್ಲಲ್ಲಿ ಗತಿ ತಗ್ಗಿಸುತ್ತಿವೆ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ, ಮೋಸದ ಮಾತು ನಂಬಿ ತಾನೇ ಹಣ ಕಳಿಸಿದ ಗ್ರಾಹಕನಿಗೂ ಬ್ಯಾಂಕುಗಳು 85 ಸಾವಿರ ಪೌಂಡ್ ಮಿತಿಯಲ್ಲಿ ಮರುಪಾವತಿ ಮಾಡಬೇಕು, ಕೆಲವು ವಿನಾಯಿತಿ ಬಿಟ್ಟರೆ. ಅದರ ಹೊರೆಯನ್ನು ಹಣ ಕಳಿಸಿದ ಬ್ಯಾಂಕು, ಪಡೆದ ಬ್ಯಾಂಕು ಅರ್ಧರ್ಧ ಹೊರುತ್ತವೆ. ನನ್ನ ಮಟ್ಟಿಗೆ ಇದರಲ್ಲಿ ಮಹತ್ವದ್ದು ಆ ಎರಡನೇ ಅರ್ಧ. ಬಾಡಿಗೆ ಖಾತೆ ತೆರೆದುಕೊಟ್ಟ ಬ್ಯಾಂಕಿಗೆ ಅದಕ್ಕೆ ಮುಂಚೆ ಅಷ್ಟಾಗಿ ಬಿಸಿ ತಟ್ಟುತ್ತಿರಲಿಲ್ಲ. ಆಸ್ಟ್ರೇಲಿಯಾ 2025ರ ಫೆಬ್ರುವರಿಯಲ್ಲಿ ಅಂಗೀಕರಿಸಿದ ಕಾನೂನು ಬ್ಯಾಂಕುಗಳ ಜೊತೆ ದೂರಸಂಪರ್ಕ ಕಂಪನಿ ಮತ್ತು ಡಿಜಿಟಲ್ ವೇದಿಕೆಗಳನ್ನೂ ಹೊಣೆಗಾರಿಕೆಯ ವ್ಯಾಪ್ತಿಗೆ ತರಲು ಹೊರಟಿದೆ. ನಕಲಿ ಜಾಹೀರಾತು ತೋರಿಸಿ ದುಡ್ಡು ಎಣಿಸಿದವರಿಗೂ ಪಾಲು ಬರಲಿ ಎಂಬುದು ನ್ಯಾಯವೇ. ಸಿಂಗಪುರ ಇನ್ನೂ ಮುಂದೆ ಹೋಗಿದೆ. 2025ರ ಜುಲೈ 1ರಿಂದ ಜಾರಿಯಾದ ಕಾನೂನಿನಂತೆ, ಮೋಸ ಹೋಗುತ್ತಿದ್ದರೂ ಯಾರ ಮಾತನ್ನೂ ಕೇಳದೆ ಹಣ ಕಳಿಸಲು ಹಟ ಹಿಡಿದವರ ಖಾತೆಯ ವಹಿವಾಟನ್ನು ಪೊಲೀಸರು ಮೊದಲಿಗೆ 30 ದಿನಗಳವರೆಗೆ ನಿರ್ಬಂಧಿಸಬಹುದು. ಒಬ್ಬ ವಯಸ್ಕನ ಹಣಕ್ಕೆ ಸರ್ಕಾರ ಬೀಗ ಹಾಕುವುದು ಕಸಿವಿಸಿಯ ವಿಷಯ, ನಿಜ. ಆದರೆ ವಾರಗಟ್ಟಲೆ ಒಬ್ಬನ ಕಿವಿಯಲ್ಲಿ ಒಂದೇ ದನಿ ತುಂಬಿರುವಾಗ ಅವನ ‘ಸ್ವಂತ ತೀರ್ಮಾನ’ ಎಷ್ಟರಮಟ್ಟಿಗೆ ಅವನದು ಎಂಬ ಪ್ರಶ್ನೆಯೂ ಇದೆ.

ಮನೆಯ ಮಟ್ಟದಲ್ಲಿ ತಡ ಮಾಡಿಸಲು ಕಾನೂನು ಬೇಕಿಲ್ಲ. ಹೊಸ ಖಾತೆಗೆ ದೊಡ್ಡ ಮೊತ್ತ ಕಳಿಸುವ ಮುಂಚೆ ಮನೆಯ ಇನ್ನೊಬ್ಬರಿಗೆ ತಿಳಿಸಿ ಒಂದು ರಾತ್ರಿ ಕಳೆಯಲಿ ಎಂಬ ಕಟ್ಟಳೆ ಸಾಕಷ್ಟು ಕೆಲಸ ಮಾಡುತ್ತದೆ. ಅದು ಹಿರಿಯರಿಗೆ ಮಾತ್ರ ಆದರೆ ಅವಮಾನ, ಎಲ್ಲರಿಗೂ ಆದರೆ ಪದ್ಧತಿ. ದಿನದ ವರ್ಗಾವಣೆ ಮಿತಿಯನ್ನು ತಗ್ಗಿಸಿಡಬಹುದು. ದನಿ ನಕಲು ಮಾಡುವುದು ಸುಲಭವಾಗಿರುವುದರಿಂದ, ಮನೆಯವರಿಗಷ್ಟೇ ಗೊತ್ತಿರುವ ಒಂದು ಗುಟ್ಟಿನ ಪದ ಇಟ್ಟುಕೊಂಡರೆ ಅಳುವ ಮಗನ ಕರೆ ಬಂದಾಗ ಕೇಳಲು ಆಧಾರವಿರುತ್ತದೆ. ಪದ ಮರೆತರೆ ಫೋನ್ ಇಟ್ಟು ಮಗನ ನಂಬರಿಗೇ ಮಾಡುವುದು. ಬ್ಯಾಂಕು ಎಂದವರಿಗೂ ಅಷ್ಟೆ: ಕರೆ ಕತ್ತರಿಸಿ, ಕಾರ್ಡಿನ ಹಿಂದೆ ಮುದ್ರಿಸಿರುವ ನಂಬರಿಗೆ ನಾವೇ ಮಾಡುವುದು. ಪರದೆಯಲ್ಲಿ ಮೂಡುವ ಹೆಸರು, ನಂಬರು ನಕಲಿಯಾಗಿರಬಹುದು. ಹಣ ಬರಬೇಕಾದರೆ ಪಿನ್ ಒತ್ತಬೇಕಿಲ್ಲ, ಸ್ಕ್ರೀನ್ ಶೇರ್ ಮಾಡಬೇಕಿಲ್ಲ.

‘ನನ್ನ ಕೋಡ್ ತಪ್ಪಿ ನಿನಗೆ ಬಂದಿದೆ, ಕಳಿಸು’ ಎಂದು ಪರಿಚಿತರ ವಾಟ್ಸ್‌ಆ್ಯಪ್‌ನಿಂದ ಬರುವ ಸಂದೇಶವನ್ನು ಪ್ರತ್ಯೇಕ ಹೇಳಬೇಕು. ಆ ಆರು ಅಂಕಿ ನಮ್ಮದೇ ಖಾತೆಯ ಕೀಲಿ. ಕಳಿಸಿದರೆ ನಮ್ಮ ಖಾತೆ ಅವನ ಪಾಲು, ಮರುಗಳಿಗೆಯಲ್ಲಿ ನಮ್ಮ ಹೆಸರಲ್ಲಿ ನಮ್ಮ ಗುಂಪುಗಳಿಗೆಲ್ಲ ‘ಅರ್ಜೆಂಟ್ ಸ್ವಲ್ಪ ದುಡ್ಡು ಬೇಕಿತ್ತು’. ಟೂ-ಸ್ಟೆಪ್ ವೆರಿಫಿಕೇಶನ್ (ಕೋಡಿನ ಜೊತೆ ನಾವೇ ಇಟ್ಟುಕೊಂಡ ಪಿನ್ ಕೂಡ ಕೇಳುವ ವ್ಯವಸ್ಥೆ) ಹಾಕಿಕೊಂಡರೆ ಬರಿಯ ಆ ಕೋಡಿನಿಂದ ಕೆಲಸ ನಡೆಯದು. ಇಂಥದ್ದು ನಡೆದಾಗ ಗುಂಪಿನಲ್ಲಿ ಮೊದಲು ಗಮನಿಸಿದವರು ಕೂಡಲೇ ಎಲ್ಲರಿಗೂ ಹೇಳಿಬಿಡಬೇಕು, ಖಾತೆ ಕಳೆದುಕೊಂಡವರ ಮರ್ಯಾದೆ ಹೋದೀತೆಂದು ಕಾಯಬಾರದು.

ಮರ್ಯಾದೆಯ ಪ್ರಶ್ನೆ ಇಲ್ಲಿ ಹಣದ ಪ್ರಶ್ನೆಯಷ್ಟೇ ದೊಡ್ಡದು. ‘ಇಷ್ಟೂ ಗೊತ್ತಾಗಲಿಲ್ವಾ ನಿನಗೆ?’ ಎಂಬ ಒಂದು ಮಾತು ಸಾಕು, ಆ ಮನೆಯಲ್ಲಿ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಬಾಯಿ ಬಿಡದವರು ಹೋದ ಹಣವನ್ನು ಗುಟ್ಟಾಗಿ ಹಿಂದೆ ಪಡೆಯಲು ಇನ್ನಷ್ಟು ಹಾಕುತ್ತಾರೆ, ಸಾಲ ಮಾಡುತ್ತಾರೆ. ದೂರು ದಾಖಲಾಗದೆ ಅದೇ ಖಾತೆ, ಅದೇ ನಂಬರು ಪಕ್ಕದ ಬೀದಿಯವರ ಮೇಲೂ ಪ್ರಯೋಗವಾಗುತ್ತದೆ. ಗಟ್ಟಿಯಾಗಿ ‘ನನಗೆ ಹೀಗಾಯಿತು’ ಎಂದು ಸಭೆಯಲ್ಲಿ ಹೇಳಿಕೊಂಡ ಒಬ್ಬ ನಿವೃತ್ತ ಮೇಷ್ಟ್ರು, ಗೋಡೆಗೆ ಅಂಟಿಸಿದ ಹತ್ತು ಎಚ್ಚರಿಕೆ ಚೀಟಿಗಿಂತ ಹೆಚ್ಚು ಜನರನ್ನು ಉಳಿಸಬಲ್ಲರು.

ಹಣ ಹೋಗಿದೆ ಎಂದು ಗೊತ್ತಾದ ಗಳಿಗೆಯಲ್ಲಿ ಮೊದಲ ಕರೆ ಬ್ಯಾಂಕಿಗೆ, ಎರಡನೆಯದು ಆಯಾ ದೇಶದ ಸೈಬರ್ ವಂಚನೆ ಸಹಾಯವಾಣಿಗೆ. ಹಣ ಇನ್ನೂ ಮೊದಲ ಒಂದೆರಡು ಖಾತೆಗಳಲ್ಲೇ ಇದ್ದರೆ ತಡೆಹಿಡಿಯಲು ಸಾಧ್ಯ, ನಾಳೆ ನೋಡೋಣ ಎಂದರೆ ಇಲ್ಲ. ಸಿಟ್ಟಿನಲ್ಲಿ ಚಾಟ್ ಅಳಿಸಬಾರದು. ನಂಬರು, ಖಾತೆ ಸಂಖ್ಯೆ, ವಹಿವಾಟಿನ ಐಡಿ, ಸ್ಕ್ರೀನ್‌ಶಾಟ್ ಎಲ್ಲ ತನಿಖೆಗೆ ಬೇಕು. ಅವರು ಹಾಕಿಸಿದ ಆ್ಯಪ್ ಇರುವ ಫೋನಿನಿಂದ ಪಾಸ್‌ವರ್ಡ್ ಬದಲಿಸಿದರೆ ಪ್ರಯೋಜನವಿಲ್ಲ, ಬೇರೆ ಸಾಧನದಿಂದ ಬದಲಿಸಬೇಕು.

ಕೆಲವು ವಾರ ಕಳೆದ ಮೇಲೆ ಇನ್ನೊಬ್ಬ ಬರುವ ಸಾಧ್ಯತೆಯಿದೆ. ವಕೀಲ ಎನ್ನಬಹುದು, ಹ್ಯಾಕರ್ ಎನ್ನಬಹುದು, ವಂಚಕರಿಂದ ಹಣ ವಶಪಡಿಸಿಕೊಂಡ ಸರ್ಕಾರಿ ಘಟಕದವನು ಎನ್ನಬಹುದು. ಎಷ್ಟು ಹೋಯಿತು, ಯಾವಾಗ ಹೋಯಿತು ಎಂಬುದು ಅವನಿಗೆ ಕರಾರುವಾಕ್ಕಾಗಿ ಗೊತ್ತಿರುತ್ತದೆ, ಯಾಕೆಂದರೆ ಮೋಸ ಹೋದವರ ಪಟ್ಟಿಯೂ ವಂಚಕರ ನಡುವೆ ಮಾರಾಟವಾಗುವ ಸರಕು. ಹಣ ವಾಪಸ್ ಕೊಡಿಸಲು ಅವನು ಕೇಳುವುದು ಸ್ವಲ್ಪ ಮುಂಗಡ ಶುಲ್ಕ ಮಾತ್ರ. ಯಾವುದೇ ಪೊಲೀಸ್ ಇಲಾಖೆ ಕಳೆದ ಹಣ ಕೊಡಿಸಲು ಮುಂಗಡ ಕೇಳುವುದಿಲ್ಲ. ಅವನ ನಂಬರು, ಅವನು ಕೊಟ್ಟ ಖಾತೆ ಸಂಖ್ಯೆಯನ್ನು ಹಳೆಯ ದೂರಿನ ಸಂಖ್ಯೆಯ ಜೊತೆ ಸೇರಿಸಿ ತನಿಖಾಧಿಕಾರಿಗೆ ಕಳಿಸಬೇಕು. ಮೊದಲ ಗುಂಪಿನ ಜೊತೆ ಅವನಿಗೆ ನಂಟಿದ್ದರೆ ಹಿಡಿಯಲು ಅದೂ ಒಂದು ಎಳೆ.